ಹೂಂ ಅನ್ನುವ ಗಾಲಿ

ಆಗ ನನಗೆ ಅರವತ್ತಾರು. ಇದು ನಡೆದು ಮೂರು ವರ್ಷವಾಯಿತು. ಕಣ್ಣು, ಕೈ, ಕಿವಿ ಎಲ್ಲ ನೆಟ್ಟಗಿದ್ದವು. ಕಿವಿಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕೆಲಸದಲ್ಲಿ ತಕರಾರು ಇದ್ದದ್ದೇ ಕಿವಿಯದು.

ಮೊರಬದ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮ ಗ್ಯಾರೇಜು. ಎಂಜಿನ್ ಕೆಲಸ ಮಗನದು, ಬ್ರೇಕಿನ ಕೆಲಸ ನನ್ನದು. ಗಂಡ ಇದ್ದಾಗಲೂ ಬ್ರೇಕು ನನ್ನದೇ. ಅವನಿಗೆ ತಾಳ್ಮೆ ಇರಲಿಲ್ಲ.

ದೀಪಾವಳಿ ಮುಗಿದು, ಹೊಲದಲ್ಲಿ ಕಡಲೆ ಗೇಣುದ್ದ ಬಂದಿತ್ತು. ಒಂದು ಶುಕ್ರವಾರ ಮುಂಜಾನೆ ರೊಟ್ಟಿ ಗಾಡಿಯ ಹೆಣ್ಣುಮಗಳು ಗಾಡಿ ತಂದು ನಿಲ್ಲಿಸಿದಳು. ನಮ್ಮ ಊರಿನ ಕೆಲವು ಹೆಂಗಸರು ಜೋಳದ ರೊಟ್ಟಿ ಬಡಿದು ನವಲಗುಂದದ ಖಾನಾವಳಿಗಳಿಗೆ ಕೊಡುತ್ತಾರೆ. ಬುಟ್ಟಿಗಳನ್ನೂ ಬುಟ್ಟಿಯ ಹಿಂದೆ ಹೋಗುವ ನಾಲ್ಕಾರು ಹೆಂಗಸರನ್ನೂ ಒಯ್ಯುವುದು ಈ ಗಾಡಿ. ಹಳೆಯ ಡಬ್ಬಿ ಕಾರು, ಬಾಗಿಲು ಬಾಜೂಕೆ ಸರಿಯುವಂಥದ್ದು. ಈಗ ಅಂಥವು ಬರುವುದು ನಿಂತು ಬಹಳ ದಿನವಾಯಿತು.

ಅದನ್ನು ಓಡಿಸುತ್ತಿದ್ದವನು ಇವಳ ಗಂಡ. ಶ್ರಾವಣದಲ್ಲಿ ಸತ್ತ. ನವಲಗುಂದದಲ್ಲಿ ರೊಟ್ಟಿಯನ್ನೂ ಹೆಂಗಸರನ್ನೂ ಇಳಿಸಿ ಒಬ್ಬನೇ ತಿರುಗಿ ಬರುತ್ತಿದ್ದ. ಹಳ್ಳದ ಸೇತುವೆ ದಾಟಿದ ಮೇಲೆ ಒಂದು ಜಾಲಿಗಿಡವಿದೆ, ಅಲ್ಲಿ ಎದೆನೋವು ಬಂದಿರಬೇಕು. ಗಾಡಿಯನ್ನು ರಸ್ತೆ ಬಿಟ್ಟು ಇಳಿಸಿ, ಎಂಜಿನ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಸತ್ತಿದ್ದ. ಅಷ್ಟು ಶಿಸ್ತಿನಿಂದ ಸತ್ತವನನ್ನು ನಾನು ಕಂಡಿಲ್ಲ.

ಅವಳು ಗಾಡಿಯಿಂದ ಇಳಿದಳು.

"ಬ್ರೇಕ್ ಒತ್ತಿದ್ರ ಸಪ್ಪಳ ಬರ್ತೈತ್ರಿ ಆಯಿ" ಎಂದಳು.

"ಎಂಥಾ ಸಪ್ಪಳ? ಕಿರ್ ಅಂತೈತೋ, ಗರ್ ಅಂತೈತೋ?"

"ಹೂಂ ಅಂತೈತ್ರಿ."

ನಾನು ಮುಖ ನೋಡಿದೆ. ನಗುವ ಹೆಣ್ಣಲ್ಲ ಅದು.

ಹೂಂ ಎಂದರೆ ನಮ್ಮ ಊರಿನವರಿಗೆ ಬೇರೆ ವಿವರಣೆ ಬೇಡ. ಅವಳ ಗಂಡ ಮಾತಿನವನಲ್ಲ. ಏನು ಕೇಳಿದರೂ ಹೂಂ. ರೊಟ್ಟಿ ಬುಟ್ಟಿ ಇಟ್ಟೆವು ಎಂದರೆ ಹೂಂ, ಹೋಗೂಣು ಎಂದರೆ ಹೂಂ. ಹೆಂಡತಿಗೆ ಗಾಡಿ ಕಲಿಸಿದ್ದೂ ಹಾಗೆಯೇ. ಗೋಧಿ ಕಿತ್ತ ಹೊಲದಲ್ಲಿ ಬಾಜೂಕೆ ಕೂತು, ಅವಳು ಬ್ರೇಕ್ ಸರಿಯಾಗಿ ಒತ್ತಿದರೆ ಹೂಂ ಎನ್ನುವನು, ತಪ್ಪು ಒತ್ತಿದರೆ ಸುಮ್ಮನಿರುವನು. ಊರವರು ಬದುವಿನ ಮೇಲೆ ನಿಂತು ನೋಡಿ ನಕ್ಕಿದ್ದರು. ನಾನೂ ನಕ್ಕಿದ್ದೆ.

"ಹೆಂಗಸರು ಹತ್ತಂಗಿಲ್ಲ ಅನ್ನಾಕತ್ತಾರ್ರಿ" ಎಂದಳು. "ಸೋಮವಾರದಿಂದ ಬ್ಯಾರೆ ಟಂಟಂ ಆಟೋ ಗೊತ್ತ ಮಾಡ್ತೀವಿ ಅಂದಾರ. ಗಾಡಿ ನಿಂತ್ರ ನಮ್ಮ ಭಾವ ಮಾರ್ತಾರ್ರಿ. ಆಮ್ಯಾಲ ನಾ ಆ ಮನ್ಯಾಗ ಒಲಿ ಮುಂದ ಕೂಡೂದ, ಯಾರು ಏನ್ ಕೊಟ್ರೂ ಕೈ ಒಡ್ಡೂದ."

"ಚಾವಿ ಇಡು" ಎಂದೆ.

ಬ್ರೇಕಿನ ಸದ್ದು ಎಂದರೆ ಮೊದಲು ಮುಂದಿನ ಗಾಲಿ ಬಿಚ್ಚುವುದು ನಮ್ಮ ರೂಢಿ. ಹೆಚ್ಚಿನ ಸದ್ದು ಅಲ್ಲೇ ಹುಟ್ಟುತ್ತದೆ. ಜಾಕ್ ಕೊಟ್ಟು ಎರಡೂ ಗಾಲಿ ಕಳಚಿದೆ. ಪ್ಯಾಡುಗಳು ಸವೆದಿರಲಿಲ್ಲ, ಆದರೆ ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಹಾಗೆ ಹೊಳೆದ ಪ್ಯಾಡು ಹಿಡಿಯುವುದಿಲ್ಲ, ಜಾರುತ್ತದೆ, ಜಾರಿ ಕೂಗುತ್ತದೆ. ಸಿಕ್ಕಿತು ಕಳ್ಳ ಎಂದುಕೊಂಡೆ. ಚಪ್ಪಟೆ ಕಲ್ಲಿನ ಮೇಲೆ ಪಾಲಿಶ್ ಕಾಗದ ಹಾಸಿ ಪ್ಯಾಡುಗಳನ್ನು ಉಜ್ಜಿ ಹೊಳಪು ತೆಗೆದೆ. ಪ್ಯಾಡು ಹಿಂದೆ ಮುಂದೆ ಸರಿಯುವ ಪಿನ್ನುಗಳು ಒಣಗಿದ್ದವು, ಒರೆಸಿ ಗ್ರೀಸ್ ಹಚ್ಚಿದೆ. ಕೂಡಿಸಿ, ಖಾಲಿ ಗಾಡಿಯಲ್ಲಿ ಅವಳಿಗೇ ಓಡಿಸಲು ಹೇಳಿ ನಾನು ಗಾಡಿಯೊಳಗೆ ಹಿಂದೆ ನೆಲದ ಮೇಲೆ ಕೂತೆ. ಶಾಲೆಯವರೆಗೆ ಹೋಗಿ ಬಂದೆವು. ಎಷ್ಟು ಸಲ ಬ್ರೇಕ್ ಒತ್ತಿದರೂ ಸದ್ದಿಲ್ಲ.

"ಹತ್ತಾಕ ಹೇಳು ಅವರಿಗೆ. ನಾ ಹೇಳೀನಿ ಅನ್ನು" ಎಂದೆ.

ಮರುದಿನ ನನ್ನ ಮಾತಿನ ಮೇಲೆ ಹತ್ತಿದರು. ಸೇತುವೆಯ ಹತ್ತಿರ ಇಳಿದು, ಬುಟ್ಟಿ ತಲೆಯ ಮೇಲೆ ಹೊತ್ತು ನಡೆದುಕೊಂಡು ತಿರುಗಿ ಬಂದರು. ಆ ಹೆಂಗಸರಲ್ಲಿ ಹಿರಿಯಳೊಬ್ಬಳಿದ್ದಾಳೆ, ಅವಳ ಮಾತು ಉಳಿದವರು ಮೀರುವುದಿಲ್ಲ. ಅವಳು ಬುಟ್ಟಿ ಇಳಿಸದೆ ನೆಟ್ಟಗೆ ಗ್ಯಾರೇಜಿಗೆ ಬಂದಳು.

"ಯಕ್ಕಾ, ಏನ್ ರಿಪೇರಿ ಮಾಡೀಬೇ? ಮೊದ್ಲ ಒಮ್ಮೆ ಹೂಂ ಅಂತಿದ್ದ. ಈಗ ನಿಂದ್ರೂ ಹೊತ್ತಿಗೆ ಹೂಂ ಹೂಂ ಅಂತ ಎರಡೆರಡ ಸಲ ಅಂತಾನ. ಗ್ರೀಸ್ ಹಚ್ಚಿ ಅವನ ಗಂಟಲಾ ತೆರದಿ ಏನ?"

"ರೊಟ್ಟಿ ಮುರದಾವೇನ?" ಎಂದೆ.

"ರೊಟ್ಟಿಗೇನಾಗೈತಿ ಧಾಡಿ? ಮಂದಿ ಉಣ್ಣೂ ಅನ್ನ ಇಟಗೊಂಡು ಸತ್ತವನ ಬಾಜೂಕ ಕೂಡಂಗಿಲ್ಲ ನಾವು. ಸೋಮವಾರ ಟಂಟಂ ಬರ್ತೈತಿ. ಆ ಹುಡಿಗಿಗಿ ನೀನ ಹೇಳು, ನನ್ನ ಬಾಯಿಲೆ ಹೇಳಾಕ ಆಗಂಗಿಲ್ಲ."

ಅವಳು ಹೋದ ಮೇಲೆ ನಾನು ಕೂತು ಅವಳ ಮಾತನ್ನು ಮತ್ತೆ ಮತ್ತೆ ತಿರುವಿದೆ. ಬೈಗುಳದಲ್ಲಿ ಎರಡು ಸಂಗತಿ ಇದ್ದವು. ಒಂದು, ಸದ್ದು ಎರಡೆರಡು ಸಲ ಬರುತ್ತದೆ, ಅದೂ ಗಾಡಿ ನಿಲ್ಲುವ ಹೊತ್ತಿಗೆ. ಅಂದರೆ ಗಾಲಿಯ ಒಂದೊಂದು ಸುತ್ತಿಗೆ ಎರಡು ಕಡೆ ಏನೋ ತಡೆಯುತ್ತಿದೆ. ಇನ್ನೊಂದು, ಖಾಲಿ ಇದ್ದಾಗ ಬಾರದ್ದು ಹೆಂಗಸರು ಕೂತಾಗ ಬಂತು. ಖಾಲಿ ಗಾಡಿಯನ್ನು ನಿಲ್ಲಿಸುವುದು ಹೆಚ್ಚಾಗಿ ಮುಂದಿನ ಗಾಲಿ. ಹಿಂದೆ ಭಾರ ಬಿದ್ದಾಗಲೇ ಹಿಂದಿನ ಬ್ರೇಕು ನೆಲ ಕಚ್ಚಿ ಹಿಡಿಯುತ್ತದೆ. ನಾನು ಖಾಲಿ ಗಾಡಿ ಓಡಿಸಿ ನೋಡಿದ್ದೆ. ನೊಗ ಹಾಕದೆ ಎತ್ತಿನ ಬಲ ನೋಡಿದ ಹಾಗೆ.

ಹಿಂದಿನ ಗಾಲಿಯಲ್ಲಿ ಪ್ಯಾಡಿಲ್ಲ. ಅಲ್ಲಿ ಕಬ್ಬಿಣದ ಡ್ರಮ್ಮು, ಮುಚ್ಚಿದ ಪಾತ್ರೆಯ ಹಾಗೆ. ಅದರೊಳಗೆ ಎರಡು ಶೂ, ಅರ್ಧಚಂದ್ರದ ಆಕಾರದವು. ಬ್ರೇಕ್ ಒತ್ತಿದರೆ ಅವು ಅಗಲಿಸಿ ಡ್ರಮ್ಮಿನ ಒಳಮೈಗೆ ಒತ್ತುತ್ತವೆ. ಹ್ಯಾಂಡ್‌ಬ್ರೇಕ್ ಎಳೆದರೂ ಒತ್ತುವವು ಇವೇ.

ಗಾಡಿ ತರಿಸಿ ಹಿಂದಿನ ಗಾಲಿ ಕಳಚಿದೆ, ಡ್ರಮ್ಮು ಬರಲಿಲ್ಲ. ಹ್ಯಾಂಡ್‌ಬ್ರೇಕಿನ ತಂತಿ ಸಡಿಲಿಸಿದೆ, ಆದರೂ ಇಲ್ಲ. ಡ್ರಮ್ಮಿನ ಮುಖದ ಮೇಲೆ ಎರಡು ಆಟೆಯ ತೂತು, ಅಂದರೆ ಒಳಗೆ ತಿರುಪಿನ ಗೆರೆ ಕೊರೆದವು, ಇರುತ್ತವೆ. ಅವುಗಳಲ್ಲಿ ಬೋಲ್ಟ್ ಹಾಕಿ ಸಮನಾಗಿ ತಿರುವಿದರೆ ಡ್ರಮ್ಮು ತಾನೇ ಹೊರಗೆ ತಳ್ಳಿಕೊಂಡು ಬರಬೇಕು. ಒಂದು ತೂತಿನ ಆಟೆ ತುಕ್ಕು ತಿಂದಿತ್ತು. ಸುತ್ತ ಚಿಮಣಿ ಎಣ್ಣೆ ಬಿಟ್ಟು, ಚಹಾ ಕುಡಿದು ಬಂದು, ಕಟ್ಟಿಗೆಯ ಸುತ್ತಿಗೆಯಿಂದ ಸುತ್ತಲೂ ಬಡಿದೆ. ಮಗ ಬಂದು ಕಬ್ಬಿಣದ ಸುತ್ತಿಗೆ ಚಾಚಿದ.

"ಇದರಲೆ ಒಂದ ಕೊಡು, ಬರ್ತೈತಿ" ಎಂದ.

"ಡ್ರಮ್ ಒಡದ್ರ ಹೊಸಾದು ನಿಮ್ಮಪ್ಪ ತಂದ ಕೊಡ್ತಾನೇನ? ಸರಿ ಆಚೆ" ಎಂದೆ.

ಕೊನೆಗೆ ಟಕ್ ಎಂದು ಬಿಟ್ಟಿತು. ಒಳಗೆ ಎರೆಮಣ್ಣು ಇಟ್ಟಂಗಿಯ ಹಾಗೆ ಒಣಗಿ ಕೂತಿತ್ತು. ಅದನ್ನು ಊದಬಾರದು, ಬ್ರೇಕಿನ ಧೂಳು ಎದೆಗೆ ಕೆಟ್ಟದ್ದು. ಹಸಿ ಅರಿವೆಯಲ್ಲಿ ಒರೆಸಿ ತೆಗೆದೆ. ಆಮೇಲೆ ಡ್ರಮ್ಮನ್ನು ಬಿಸಿಲಿಗೆ ಹಿಡಿದು ಒಳಮೈ ನೋಡಿದೆ.

ಎರಡು ಗುರುತುಗಳಿದ್ದವು. ಎದುರುಬದುರಾಗಿ, ಎರಡು ಶೂಗಳ ಆಕಾರ, ಅಚ್ಚೊತ್ತಿದ ಹಾಗೆ ತುಕ್ಕು. ಯಾರೋ ಒಳಗಿನಿಂದ ಎರಡೂ ಅಂಗೈ ಒತ್ತಿ ನಿಂತ ಹಾಗೆ ಕಾಣುತ್ತಿತ್ತು. ಉಗುರು ಎಳೆದರೆ ಅಂಚಿಗೆ ತಡೆಯುತ್ತಿತ್ತು. ಶೂಗಳ ಮೈಗೆ ಹಚ್ಚಿದ ಲೈನರು ಪಟ್ಟಿ ಕಿತ್ತು ಚೂರುಗಳು ಅಲ್ಲಿಯೇ ಅಂಟಿದ್ದವು. ಇನ್ನೊಂದು ಬಾಜುವಿನ ಡ್ರಮ್ಮನ್ನೂ ತೆಗೆದೆ. ಅದೂ ಹಾಗೆಯೇ.

ಇಂಥ ಗುರುತು ಓಡುವ ಗಾಡಿಗೆ ಬೀಳುವುದಿಲ್ಲ. ಹಸಿ ಗಾಲಿಗೆ ಹ್ಯಾಂಡ್‌ಬ್ರೇಕ್ ಎಳೆದು ಬಹಳ ಕಾಲ ನಿಲ್ಲಿಸಿದರೆ ಬೀಳುತ್ತದೆ. ಸಂಜೆ ಅವಳ ಮನೆಗೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನ ವಾರಗೆಯವಳು.

"ಗಾಡಿ ಎಲ್ಲಿ ನಿಂದ್ರಿಸಿದ್ರಿ, ಅಂವ ಹ್ವಾದ ಮ್ಯಾಲ?" ಎಂದು ಕೇಳಿದೆ.

ಅವಳು ಅಂಗಳದ ಮೂಲೆ ತೋರಿಸಿದಳು. ನಮ್ಮ ಕಡೆ ಯಜಮಾನ ಸತ್ತರೆ ಅವನ ಎತ್ತುಗಳಿಗೆ ಸ್ವಲ್ಪ ದಿನ ಕೊಳ್ಳು ಕಟ್ಟಿ ಹೂಡುವುದಿಲ್ಲ. ಇವರ ಮನೆಯಲ್ಲಿ ಎತ್ತು ಹೋಗಿ ಗಾಡಿ ಬಂದಿತ್ತು, ಗಾಡಿಗೂ ಅದನ್ನೇ ಮಾಡಿದರು. ಬೇವಿನ ಸೊಪ್ಪು ಅರಿಶಿನ ಕೂಡಿಸಿದ ನೀರಿನಲ್ಲಿ ಗಾಲಿ ಪೂರಾ ತೊಯ್ಯುವಂತೆ ತೊಳೆದರು. ಒಂದೊಂದು ಗಾಲಿಯ ಕೆಳಗೆ ಒಂದೊಂದು ನಿಂಬೆಹಣ್ಣು. ಹ್ಯಾಂಡ್‌ಬ್ರೇಕ್ ಎಳೆದು, ಅದಕ್ಕೆ ಎತ್ತಿನ ಕಣ್ಣಿಹಗ್ಗವನ್ನು ಬಿಗಿದು ಕಟ್ಟಿದ್ದು ಅತ್ತೆಯೇ. ಎತ್ತಾದರೆ ಸ್ವಲ್ಪ ದಿನಕ್ಕೆ ಬಿಚ್ಚುತ್ತಿದ್ದರು, ಅದು ಕೊಟ್ಟಿಗೆಯಲ್ಲಿ ಕೂಗುತ್ತದೆ. ಗಾಡಿ ಕೂಗಲಿಲ್ಲ. ಶ್ರಾವಣದ ಮಳೆ, ಭಾದ್ರಪದದ ಮಳೆ ಎಲ್ಲ ಸುರಿದು ಗಾಲಿ ಎರೆಮಣ್ಣಿನಲ್ಲಿ ಹೂತು ದೀಪಾವಳಿಯವರೆಗೆ ನಿಂತಿತು.

"ಗಾಡಿ ಅವನ ಹಿಂದ ಹೋಗಬಾರದಂತ ಕಟ್ಟೀನಿ" ಎಂದಳು ಅತ್ತೆ. "ತಪ್ಪಾತೇನ?"

"ಕಟ್ಟಿದ್ದು ತಪ್ಪಲ್ಲ. ಹಸೀ ಗಾಲಿ ಕಟ್ಟಿದ್ದು ತಪ್ಪು. ಒಳಗ ತುಕ್ಕ ಹಿಡದೈತಿ. ಆ ತುಕ್ಕಿನ ಮ್ಯಾಲ ಶೂ ಹಾಯ್ದಾಗ ಸಪ್ಪಳ ಬರ್ತೈತಿ."

ಅವಳು ಜೋಳದಲ್ಲಿ ಬೆರಳಾಡಿಸಿದಳು.

"ಗಾಡಿ ಬಂದು ಬಾಗಿಲಕ ನಿಂತಾಗೊಮ್ಮೆ ನಾ ಇಲ್ಲಿಂದ ಕೇಳತಿದ್ದೆ. ಬಂದಿ ಏನಪಾ ಅಂತಿದ್ದೆ. ಹೂಂ ಅಂತಿತ್ತು."

ನಾನು ಉಗುರಿಗೆ ಹತ್ತಿದ ತುಕ್ಕನ್ನು ಸೆರಗಿಗೆ ಒರೆಸಿದೆ.

"ಬರೇ ತುಕ್ಕ ಏನದು?"

"ತುಕ್ಕ" ಎಂದೆ.

"ಹಂಗಾರ ತಗೀ. ನನ್ನ ಮಾತಿಗೆ ಆ ಹುಡಿಗಿ ಬಾಳೇವು ನಿಂದ್ರಬಾರದು."

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ರವಿವಾರ ಮುಂಜಾನೆಯ ಬಸ್ಸಿಗೆ ಎರಡೂ ಡ್ರಮ್ಮು ಚೀಲಕ್ಕೆ ಹಾಕಿಕೊಂಡು ನವಲಗುಂದಕ್ಕೆ ಹೋದೆ. ಲೇತಿನವನು ಅಳತೆ ಹಿಡಿದು ನೋಡಿ ತುಟಿ ಸೊಟ್ಟ ಮಾಡಿದ. ಡ್ರಮ್ಮಿನ ಮೇಲೆ ಎಲ್ಲಿಯವರೆಗೆ ಸವೆಯಬಹುದು ಎಂಬ ಅಳತೆಯನ್ನು ಎರಕದಲ್ಲೇ ಬರೆದಿರುತ್ತಾರೆ. ನನಗೆ ಅಕ್ಷರ ತಡವರಿಸುತ್ತದೆ, ಅಂಕಿ ತಡವರಿಸುವುದಿಲ್ಲ.

"ತುಕ್ಕ ಆಳಕ್ಕ ಇಳದೈತಿ ಆಯಿ. ಅದು ಹೋಗೂಮಟ ಲೇತಿಗೆ ಹಚ್ಚಿ ತಾಸಿದ್ರ ಈ ಅಳತಿ ದಾಟ್ತೈತಿ. ನೀ ಹೂಂ ಅಂದ್ರ ತಾಸಿ ಕೊಡ್ತೀನಿ, ಸಪ್ಪಳ ಬರಂಗಿಲ್ಲ, ಅದಕ್ಕ ಗ್ಯಾರಂಟಿ."

"ತಾಸಿದ ಮ್ಯಾಲ ಎಷ್ಟ ದಿನಾ ತಡೀತೈತಿ?"

"ಅದಕ್ಕ ಗ್ಯಾರಂಟಿ ಇಲ್ಲ."

ನಿಂತು ಯೋಚಿಸಿದೆ. ತಾಸಿದರೆ ಮಧ್ಯಾಹ್ನಕ್ಕೆ ಮನೆ, ಸಂಜೆಗೆ ಗಾಡಿ ತಯಾರು, ಸೋಮವಾರ ಅವಳ ಕೆಲಸ ಉಳಿಯುತ್ತದೆ. ತೆಳ್ಳಗಾದ ಡ್ರಮ್ಮು ಕಾಯ್ದು ಬಿರಿಯುವುದು ನಾಳೆಯೇ ಅಲ್ಲ, ಆರು ತಿಂಗಳಿಗೋ ವರ್ಷಕ್ಕೋ. ಬಿರಿದ ದಿನ ಒಳಗೆ ಹೆಂಗಸರಿರುತ್ತಾರೆ. ಈ ಮಾದರಿಯ ಹೊಸ ಡ್ರಮ್ಮು ನವಲಗುಂದದ ಅಂಗಡಿಯಲ್ಲಿ ಇರಲಿಲ್ಲ, ಹುಬ್ಬಳ್ಳಿಯಿಂದ ತರಿಸಿದರೆ ಬುಧವಾರ ಎಂದರು.

"ಬ್ಯಾಡ, ತಾಸಬ್ಯಾಡ" ಎಂದು ಡ್ರಮ್ಮು ಚೀಲಕ್ಕೆ ಹಾಕಿದೆ.

ಗುಜರಿ ಅಂಗಡಿಗಳನ್ನು ತಿರುಗಿದೆ. ಮೊದಲನೆಯದರಲ್ಲಿ ಇಲ್ಲ. ಎರಡನೆಯವನು ಇವೆ ಎಂದು ಅಡವಿಯಂಥ ಹಿತ್ತಲಿಗೆ ಕಳಿಸಿದ. ಅಲ್ಲಿ ಇದೇ ಮಾದರಿಯ ಒಂದು ಗಾಡಿ ಮೂತಿ ಜಜ್ಜಿ ಬಿದ್ದಿತ್ತು. ಹಿಂಭಾಗ ಗಟ್ಟಿ. ಹ್ಯಾಂಡ್‌ಬ್ರೇಕ್ ಕೆಳಗೆ ಇಳಿದಿತ್ತು. ಅದನ್ನು ನೋಡಿಯೇ ನನ್ನ ಜೀವ ಹಗುರಾಯಿತು. ಪಾನಾ ಇಸಿದುಕೊಂಡು ನಾನೇ ಬಿಚ್ಚಿದೆ. ಡ್ರಮ್ಮಿಗೆ ಮೇಲೆ ಮೇಲೆ ತುಕ್ಕು, ಒಳಮೈ ಸಪಾಟು. ಲೇತಿನವನ ಹತ್ತಿರ ಮತ್ತೆ ಹೋಗಿ ಅಳತೆ ಹಿಡಿಸಿ, ಮೈ ಸ್ವಲ್ಪವೇ ಸವರಿಸಿದೆ. ಆತ ನಕ್ಕ.

"ಆಯಿ, ಸತ್ತ ಗಾಡಿ ಗಾಲಿ ತಗೊಂಡು ಸತ್ತವನ ಗಾಡಿಗೆ ಹಾಕ್ತೀಯಲ್ಲ. ಇದು ಏನ್ ಅಂತೈತೋ ಏನೋ."

"ನಿನ್ನ ಹೆಸರು ಹಿಡದು ಕರಿಯಾಕ ಹೇಳ್ತೀನಿ" ಎಂದೆ.

ಆ ಮಾತು ಬಸ್ಸಿನಲ್ಲಿ ಬರುವಾಗ ನನ್ನನ್ನು ಬಿಡಲಿಲ್ಲ. ಮೂತಿ ಜಜ್ಜಿದ ಗಾಡಿಯಲ್ಲಿ ಯಾರಿದ್ದರೋ. ಗುಜರಿಯವನನ್ನು ಕೇಳಿರಲಿಲ್ಲ, ಕೇಳಬಾರದೆಂದೇ ಕೇಳಿರಲಿಲ್ಲ.

ಮನೆಗೆ ಬಂದವಳೇ ಕೆಲಸ ಹಿಡಿದೆ. ಹೊಸ ಶೂ ತಂದಿದ್ದೆ. ಅವುಗಳ ಲೈನರಿನ ಚೂಪು ಅಂಚನ್ನು ಕಾನಸಿನಿಂದ ಉಜ್ಜಿ ಇಳಿಜಾರು ಮಾಡಿದೆ, ಚೂಪು ಅಂಚು ಡ್ರಮ್ಮಿಗೆ ಮೊದಲು ತಾಗಿ ಕಿರುಗುಟ್ಟುತ್ತದೆ. ಶೂ ಒರಗಿ ಸರಿಯುವ ತಗಡಿನ ಮೇಲೆ ಉಬ್ಬು ಜಾಗಗಳಿವೆ, ಅಲ್ಲಿಗೆ ಬೆರಳ ತುದಿಯಷ್ಟು ಗ್ರೀಸ್. ಹೆಚ್ಚಾದರೆ ಕರಗಿ ಲೈನರಿಗೆ ಇಳಿದು ಬ್ರೇಕೇ ಹೋಗುತ್ತದೆ. ಸ್ಪ್ರಿಂಗುಗಳು ಸೋತಿದ್ದವು, ಬದಲಿಸಿದೆ. ಡ್ರಮ್ಮು ಕೂಡಿಸಿ ಕೈಯಿಂದ ತಿರುಗಿಸಿದೆ. ರೊಟ್ಟಿ ಹೆಂಚಿನ ಮೇಲೆ ಸರಿದ ಹಾಗೆ ಸಣ್ಣ ಸದ್ದು, ಒಂದೇ ಸಮನಾಗಿ. ಹಾಗೆ ಬರಬೇಕು.

ಈ ಸಲ ಖಾಲಿ ಓಡಿಸಲಿಲ್ಲ. ಮಗನ ಕೈಯಿಂದ ಜೋಳದ ಚೀಲ ಹಾಕಿಸಿ ಹೆಂಗಸರಷ್ಟು ಭಾರ ಮಾಡಿ, ನಾನು ಬಾಜೂಕೆ ಕೂತೆ, ಅವಳು ಓಡಿಸಿದಳು. ಬಸ್‌ಸ್ಟ್ಯಾಂಡಿನಲ್ಲಿ ಒತ್ತಿದಳು, ಸದ್ದಿಲ್ಲ. ಶಾಲೆಯ ಉಬ್ಬಿನಲ್ಲಿ, ಇಲ್ಲ. ಅವಳ ಮನೆಯ ಮುಂದೆ ನಿಲ್ಲಿಸಿದಳು. ಅತ್ತೆ ಕಟ್ಟೆಯ ಮೇಲೆ ಕೂತು ನಮ್ಮ ಕಡೆ ತಿರುಗಿದಳು. ತುಟಿ ಅಲುಗಾಡಿತು. ಗಾಡಿ ಏನೂ ಅನ್ನಲಿಲ್ಲ. ಅವಳು ಎದ್ದು ಒಳಗೆ ಹೋದಳು.

ಹೊತ್ತು ಇಳಿಯುತ್ತಿತ್ತು. ಸೇತುವೆಯ ಕಡೆ ಹೊರಟೆವು. ಜಾಲಿಗಿಡದ ಹತ್ತಿರ ಒತ್ತಿದಳು.

ಹೂಂ.

ಗಾಡಿ ನಿಂತಿತು. ಅವಳು ಮುಂದೆಯೇ ನೋಡುತ್ತಿದ್ದಳು.

"ಕೇಳಿದ್ರಿ?"

"ಏನ?" ಎಂದೆ.

"ಏನಿಲ್ಲ ಬಿಡ್ರಿ."

ನನಗೆ ಕೇಳಿಸಿತ್ತು. ರಸ್ತೆಯ ಬಾಜೂಕೆ ಚೀಲ ಇಳಿಸಿ, ಜಾಕ್ ಹಚ್ಚಿ, ಎರಡೂ ಡ್ರಮ್ಮು ಮತ್ತೆ ತೆಗೆದೆ. ಎರಡೂ ಸಮನಾಗಿ ಬೆಚ್ಚಗಿದ್ದವು. ಒಳಮೈಯಲ್ಲಿ ಹೊಸ ಲೈನರಿನ ಬೂದಿ ತೆಳ್ಳಗೆ, ಎಲ್ಲ ಕಡೆ ಒಂದೇ ಸಮ. ಉಗುರು ಎಳೆದೆ, ಎಲ್ಲಿಯೂ ತಡೆಯಲಿಲ್ಲ. ಕೂಡಿಸಿದೆ. ಇಬ್ಬರೂ ಸೇರಿ ಚೀಲ ಏರಿಸಿದೆವು.

"ಈಗ ಹಿಂದ ತಗೊಂಡು ಮೆಲ್ಲಕ ಬಾ. ನಾ ಹೊರಗ ನಡೀತೀನಿ. ಗಿಡದ ಹತ್ತಿರ ಒತ್ತು" ಎಂದೆ.

ಹಿಂದಿನ ಗಾಲಿಗೆ ಕಿವಿ ಕೊಟ್ಟು ಬಗ್ಗಿ ನಡೆದೆ. ಒತ್ತಿದಳು. ಗಾಲಿ ಮಣ್ಣಿನ ಮೇಲೆ ನಿಂತ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕಿಟಕಿಯ ಹತ್ತಿರ ಬಂದೆ.

"ಬಂತ್ರಿ" ಎಂದಳು.

ಇನ್ನೊಂದು ಬಾಜೂಕಿನ ಗಾಲಿಗೆ ಹೋಗಿ ಇನ್ನೊಮ್ಮೆ ಮಾಡಿಸಿದೆ. ಹೊರಗೆ ಇಲ್ಲ, ಒಳಗೆ ಇದೆ. ಮತ್ತೆ ಒಳಗೆ ಕೂತು ಒತ್ತಿಸಿದೆ. ನನಗೂ ಬಂತು.

ಆ ಹೊತ್ತಿಗೆ ಪಾನಾ ಇನ್ನೂ ಕೈಯಲ್ಲಿತ್ತು. ಇನ್ನೊಮ್ಮೆ ಬಿಚ್ಚಬೇಕೆಂದು ಕೈ ತುರಿಸುತ್ತಿತ್ತು. ಬಿಚ್ಚಿದರೆ ಮುಂಜಾನೆಯವರೆಗೆ ಬಿಚ್ಚುತ್ತಲೇ ಇರುತ್ತೇನೆ ಎನ್ನುವುದೂ ಗೊತ್ತಿತ್ತು. ಪಾನಾ ಸಾಮಾನಿನ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ.

"ಗಾಲಿಯಾಗ ಇಲ್ಲ" ಎಂದೆ. "ಗಾಲಿಯಾಗ ಇಲ್ಲದ್ದು ನನ್ನ ಕೆಲಸ ಅಲ್ಲ. ಬ್ರೇಕ್ ಅಗದಿ ಸರಿ ಐತಿ. ಧೈರ್ಯಲೆ ಓಡಸು."

"ಹೆಂಗಸರಿಗೆ ಕೇಳಿಸಿದ್ರ?"

ನಾನು ಗಾಡಿ ತಿರುಗಿಸಲು ಹೇಳಿದೆ. ಊರ ಬಾಗಿಲಲ್ಲಿ ಅವಳು ಗಾಡಿ ನಿಧಾನ ಮಾಡಿ, "ನನಗ ಅದು ಬ್ಯಾಡ ಅನಸಂಗಿಲ್ರಿ ಆಯಿ" ಎಂದಳು. "ಅವರಿಗೆ ಕೇಳಿಸಬಾರದು, ಅಷ್ಟ."

ಮರುದಿನ ಬೆಳಿಗ್ಗೆ ಎದ್ದು ಜಳಕ ಮಾಡಿ, ಒಗೆದ ಸೀರೆ ಉಟ್ಟು, ಹೆಂಗಸರು ಬರುವ ಮೊದಲೇ ಹೋಗಿ ಗಾಡಿಯ ಮುಂದಿನ ಸೀಟಿನಲ್ಲಿ ಕೂತೆ. ಅವರು ಬುಟ್ಟಿ ಹೊತ್ತು ಬಂದು ನಿಂತರು. ಟಂಟಂ ಕೂಡ ಬಂದು ನಿಂತಿತ್ತು.

"ನೀ ಎಲ್ಲಿಗೆ ಯಕ್ಕಾ?" ಎಂದಳು ಹಿರಿಯಳು.

"ನವಲಗುಂದಕ್ಕ. ಬ್ರೇಕ್ ಎಣ್ಣಿ ತರಬೇಕು. ಹತ್ತೂದಿದ್ರ ಹತ್ರಿ, ಇಲ್ಲಂದ್ರ ಬಾಗಿಲಾ ಹಾಕ್ರಿ, ಥಂಡಿ ಬರ್ತೈತಿ."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬುಟ್ಟಿ ಒಳಗಿಟ್ಟು ಹತ್ತಿದಳು. ಉಳಿದವರೂ ಹತ್ತಿದರು. ಎಲ್ಲರೂ ಕಿವಿಯಾಗಿ ಕೂತಿದ್ದರು. ದೂರದಲ್ಲಿ ಜಾಲಿಗಿಡ ಕಂಡಿತು. ಇಕ್ಕಟ್ಟು ಸೇತುವೆಯ ಮೇಲೆ ಎದುರಿಗೆ ಬಸ್ಸು ಬರುತ್ತಿತ್ತು, ಗಿಡದ ಹತ್ತಿರ ನಿಲ್ಲಿಸಲೇಬೇಕು. ಅವಳ ಕಾಲು ಬ್ರೇಕಿನ ಕಡೆ ಸರಿದದ್ದು ಕಂಡೆ.

ನಾನು ಹಿಂದೆ ತಿರುಗಿ ಹಿರಿಯಳಿಗೆ ಗಟ್ಟಿಯಾಗಿ ಹೇಳಿದೆ. "ಅಲ್ಲಬೇ, ನೀ ಜೋಳದ ಹಿಟ್ಟಿಗೆ ಅಕ್ಕಿ ಹಿಟ್ಟು ಕಲಸ್ತೀಯಂತ? ಖಾನಾವಳಿಯಂವ ನಿನ್ನೆ ನನ್ನ ಮುಂದ ಅಂದ."

ಯಾವ ಖಾನಾವಳಿಯವನೂ ಅಂದಿರಲಿಲ್ಲ.

"ಯಾವನಂವ?" ಎಂದು ಅವಳು ಅರ್ಧ ಎದ್ದೇಬಿಟ್ಟಳು. "ಯಾವ ಬಾಯಿಲೆ ಅಂದ ಹೇಳು. ನನ್ನ ಅತ್ತಿ ಕಾಲದಿಂದ ಬಡೀತೀನಿ ನಾ ರೊಟ್ಟಿ." ಬಾಜೂಕಿನವಳು ಅವಳ ಪರವಾಗಿ ಕೂಗಿದಳು, ಇನ್ನೊಬ್ಬಳು ಅಕ್ಕಿ ಹಿಟ್ಟು ಕಲಸುವವರು ಬೇರೆಯೇ ಇದ್ದಾರೆ ಎಂದಳು, ಅದಕ್ಕೆ ಮತ್ತೊಬ್ಬಳು ಯಾರ ಮಾತು ಹೇಳುತ್ತೀ ಎಂದು ಎಗರಿದಳು. ಗಾಡಿಯೆಲ್ಲ ಬಾಯಿಯಾಯಿತು. ಗಾಡಿ ನಿಂತಿತು, ಬಸ್ಸು ಹೋಯಿತು, ಗಾಡಿ ಸೇತುವೆ ಹತ್ತಿತು.

ನಾನು ಮುಂದೆ ತಿರುಗಿ ಕೂತು, ನವಲಗುಂದ ಬರುವವರೆಗೆ ಸುಮ್ಮನೆ ಬೈಸಿಕೊಂಡೆ.